ತಮ್ಮನ ಮಣಿಕಟ್ಟು

ಅವನಿಗೆ ಪಿಚಕಾರಿ ಅಂತ ಯಾರು ಹೆಸರಿಟ್ಟರೋ ಗೊತ್ತಿಲ್ಲ. ಇಟ್ಟ ಮೇಲೆ ಮಾತ್ರ ಅವನ ಸ್ವಂತ ಹೆಸರು ಸಂಬಳದ ಚೀಟಿ ಬಿಟ್ಟು ಬೇರೆಲ್ಲೂ ಉಳಿಯಲಿಲ್ಲ. ಹೆಂಡತಿ ಕೂಡ ಪಕ್ಕದ ಮನೆಯವರ ಹತ್ತಿರ ಮಾತಾಡುವಾಗ ನಮ್ಮ ಪಿಚಕಾರಿ ಅಂತಲೇ ಅನ್ನುತ್ತಿದ್ದಳು.

ನಮ್ಮ ಕಾರ್ಖಾನೆಯಲ್ಲಿ ಆಗುತ್ತಿದ್ದದ್ದು ಕೈ ತೊಳೆಯುವ ಬೇಸಿನ್ನು, ಕಮೋಡು. ಅಚ್ಚಿನಿಂದ ತೆಗೆದ ಮಣ್ಣಿನ ಕಮೋಡು ಒಣಗಿದ ಮೇಲೆ ನೋಡೋಕೆ ಹಳೇ ಮೂಳೆಯ ಹಾಗಿರುತ್ತದೆ. ಅದರ ಮೇಲೆ ಗ್ಲೇಜು ಅನ್ನುವ ಹಾಲಿನಂಥ ನೀರನ್ನು ಗನ್ನಿನಿಂದ ಸಿಂಪಡಿಸಬೇಕು. ಭಟ್ಟಿಯೊಳಗೆ ಅದು ಕರಗಿ ಗಾಜಾಗುತ್ತದೆ, ಬೆಳ್ಳಗೆ ಹೊಳೆಯುತ್ತದೆ. ಸ್ವಲ್ಪ ಹೆಚ್ಚಾದರೆ ಇಳಿದು ಕಣ್ಣೀರಿನ ಗೆರೆ ಬೀಳುತ್ತದೆ, ಕಡಿಮೆಯಾದರೆ ಬೋಳು ಮಚ್ಚೆ. ಸಿಂಪಡಿಸುವವರ ಸಾಲಿನಲ್ಲಿ ಪಿಚಕಾರಿಯದೇ ಮೊದಲ ಜಾಗ. ದೊಡ್ಡ ದೊಡ್ಡವರೆಲ್ಲ ಬೆಳಗೆದ್ದು ಮೊದಲು ಕೂರೋದು ನನ್ನ ಕೈಕೆಲಸದ ಮೇಲೇ ಅಂತ ಅವನು ಹೇಳಿ ನಗದ ದಿನವಿಲ್ಲ. ನಾನು ಭಟ್ಟಿಯ ಕಡೆ ಇದ್ದವನು, ಅವನು ಬಳಿದದ್ದನ್ನು ಸುಡುವುದು ನನ್ನ ಕೆಲಸ. ಮನೆಯೂ ಅದೇ ಬೀದಿಯಲ್ಲಿ, ಅವನ ಎದುರಿಗೆ. ಇದರಲ್ಲಿ ಅರ್ಧ ನಾನೇ ಕಂಡದ್ದು. ಉಳಿದದ್ದನ್ನು ಅವನ ತಾಯಿ ನಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದ್ದು.

ತಂದೆ ಬೇಗ ಹೋಗಿದ್ದರಿಂದ ತಮ್ಮನನ್ನು ಸಾಕಿದವನು ಪಿಚಕಾರಿ. ಸಾಕಿದೆ ಅನ್ನುವುದನ್ನು ಅವನು ಮರೆತವನಲ್ಲ, ಬೇರೆಯವರು ಮರೆಯಲು ಬಿಟ್ಟವನೂ ಅಲ್ಲ. ತಮ್ಮನನ್ನು ಕಾರ್ಖಾನೆಗೆ ಸೇರಿಸಿದ್ದು ಅವನೇ, ಹಿಂದೆ ನಿಂತು ಮಣಿಕಟ್ಟು ಹಿಡಿದು ಗನ್ನು ಆಡಿಸುವುದನ್ನು ಕಲಿಸಿದ್ದೂ ಅವನೇ. ಆ ಮಣಿಕಟ್ಟು ಸೊಟ್ಟ. ಚಿಕ್ಕಂದಿನಲ್ಲಿ ಬಿದ್ದು ಮುರಿದದ್ದನ್ನು ಯಾರೋ ಸರಿಯಾಗಿ ಕಟ್ಟದೆ ಹೊರಮುಖವಾಗಿ ಕೂಡಿಕೊಂಡಿತ್ತು. ಮೊದಮೊದಲು ಎಲ್ಲರೂ ಅದನ್ನು ನೋಡಿ ನಕ್ಕರು. ಆಮೇಲೆ ಆ ಸೊಟ್ಟ ಕೈಯೇ ಕಮೋಡಿನ ಅಂಚಿನ ಒಳಗಡೆ, ನೀರು ಸುತ್ತಿ ಇಳಿಯುವ ಆ ಕತ್ತಲು ತಿರುವಿನೊಳಗೆ, ಒಂದೇ ಬೀಸಿನಲ್ಲಿ ಹೋಗಿ ಬರುವುದನ್ನು ಕಂಡು ನಗೋದು ಬಿಟ್ಟರು. ಬೇರೆಯವರು ಅಲ್ಲಿ ಬಗ್ಗಿ ನೋಡಿ, ಮತ್ತೆ ಹೊಡೆದು, ಮತ್ತೆ ನೋಡಿ ತೇಪೆ ಹಾಕುತ್ತಿದ್ದರು. ಪಿಚಕಾರಿಯೂ ಹಾಗೇ. ತಮ್ಮನದು ಕೈ ಕೊಡವಿದ ಹಾಗೆ ಒಂದು ತಿರುವು, ಅಷ್ಟೇ.

ಸೂಪರ್‌ವೈಸರ್ ಯಾವತ್ತಾದರೂ ತಮ್ಮನನ್ನು ಹೊಗಳಿದರೆ, ಪಿಚಕಾರಿ ಮಾಸ್ಕು ಕೆಳಗೆಳೆದು, ಕಲಿಸಿದ್ದು ಯಾರು ಅಂತ ಕೇಳುತ್ತಿದ್ದ. ತಮ್ಮ ನೆಲ ನೋಡುತ್ತಾ, ಅಣ್ಣನೇ ಸಾರ್ ಅನ್ನುತ್ತಿದ್ದ. ಆ ಮಾತು ಕೇಳುವವರೆಗೆ ಪಿಚಕಾರಿ ಗನ್ನು ಎತ್ತುತ್ತಿರಲಿಲ್ಲ.

ಒಂದು ದಿನ ಲಾರಿಯಲ್ಲಿ ಮರದ ಪೆಟ್ಟಿಗೆ ಬಂತು. ಅದರೊಳಗೆ ಹಳದಿ ಬಣ್ಣದ ಯಂತ್ರದ ತೋಳು. ಮನುಷ್ಯನ ತೋಳಿಗಿಂತ ಉದ್ದ, ಕೀಲುಗಳು ಜಾಸ್ತಿ. ಮ್ಯಾನೇಜರು ಸಿಂಪಡಿಸುವವರನ್ನೆಲ್ಲ ನಿಲ್ಲಿಸಿ ಭಾಷಣ ಮಾಡಿದರು. ಗ್ಲೇಜಿನ ಧೂಳು ಪುಪ್ಪಸಕ್ಕೆ ಒಳ್ಳೆಯದಲ್ಲ, ನಿಮ್ಮ ಆರೋಗ್ಯದ ಸಲುವಾಗಿಯೇ ಇದನ್ನು ತರಿಸಿದ್ದೇವೆ ಅಂದರು. ಇಷ್ಟು ವರ್ಷ ಆ ಧೂಳು ಕುಡಿದು ಕೆಮ್ಮುತ್ತಿದ್ದವರಿಗೆ ಅವತ್ತೇ ಗೊತ್ತಾದದ್ದು, ತಮ್ಮ ಎದೆಯ ಬಗ್ಗೆ ಕಂಪನಿಗೆ ಇಷ್ಟು ಚಿಂತೆ ಇದೆ ಅಂತ.

ತೋಳಿಗೆ ತಾನಾಗಿ ಏನೂ ಬರುತ್ತಿರಲಿಲ್ಲ. ಅದರ ತುದಿಗೆ ಗನ್ನು ಕಟ್ಟಿ, ಹಿಡಿ ಹಿಡಿದು, ಕೆಲಸ ಬಲ್ಲವನೊಬ್ಬ ಒಂದು ಕಮೋಡನ್ನು ಶುರುವಿನಿಂದ ಕೊನೆಯವರೆಗೆ ಹೊಡೆದು ತೋರಿಸಬೇಕು. ತೋಳು ಅವನ ಕೈ ಹೋದ ಕಡೆಯೆಲ್ಲ ಸುಮ್ಮನೆ ಹೋಗುತ್ತದೆ, ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ಅವನು ಬೇಡ.

ಅವತ್ತು ಸಂಜೆ ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ಎಲ್ಲರೂ ಸೇರಿ ಯಾರೂ ಕಲಿಸಬಾರದು ಅಂತ ಮಾತು ಮಾಡಿಕೊಂಡರು. ಕಲಿಸುವವನು ತನ್ನ ಕೈಯಿಂದಲೇ ತನ್ನ ಗುಂಡಿ ತೋಡಿದ ಹಾಗೆ ಅಂತ ಒಬ್ಬ ಅಂದ. ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದವನು ಪಿಚಕಾರಿ. ಮಾರನೆಯ ದಿನ ಬೆಳಿಗ್ಗೆ ಸೂಪರ್‌ವೈಸರ್ ಅವನನ್ನು ಪಕ್ಕಕ್ಕೆ ಕರೆದು, ತೋಳಿನ ಹತ್ತಿರ ನಿಂತು ನೋಡಿಕೊಳ್ಳೋಕೆ ಒಬ್ಬ ಬೇಕು, ಕಲಿಸಿದವನಿಗೇ ಆ ಜಾಗ ಅಂದರು. ಮಧ್ಯಾಹ್ನದ ಹೊತ್ತಿಗೆ ಪಿಚಕಾರಿ ಗಾಜಿನ ಕೋಣೆಯೊಳಗಿದ್ದ. ಹೊರಗಿದ್ದವರ ಕಡೆ ಬೆನ್ನು ಹಾಕಿ ನಿಂತಿದ್ದ.

ಯಂತ್ರದ ಕಂಪನಿಯಿಂದ ಬಂದ ಇಂಜಿನಿಯರ್ ಹುಡುಗಿ ಅವನನ್ನು ಮೇಷ್ಟ್ರೇ ಅಂತ ಕರೆದಳು. ಅವಳು ಚುರುಕು, ಒಳ್ಳೆ ಮಾತಿನವಳು. ಕೆಲಸ ಆಗಬೇಕಾದರೆ ಯಾರನ್ನು ಏನಂತ ಕರೆಯಬೇಕು ಅನ್ನುವುದು ಅವಳಿಗೆ ಗೊತ್ತಿತ್ತು. ಮೇಷ್ಟ್ರೇ ಅನ್ನಿಸಿಕೊಂಡ ಮೇಲೆ ಪಿಚಕಾರಿಯ ನಡಿಗೆಯೇ ಬೇರೆಯಾಯಿತು. ಮನೆಯಲ್ಲಿ ಊಟಕ್ಕೆ ಕೂತಾಗ, ಆ ತೋಳು ನಾನು ಕೆಮ್ಮಿದರೆ ಅದೂ ಕೆಮ್ಮುತ್ತೆ, ಅಷ್ಟು ವಿಧೇಯ ಅಂತ ಹೇಳಿಕೊಂಡನಂತೆ. ಮೇಲಿನ ಮನೆಯಲ್ಲಿದ್ದ ತಮ್ಮನಿಗೆ ಅದು ಕೇಳಿಸಿರಬೇಕು. ಆ ಮನೆ ಪಿಚಕಾರಿಯ ಹೆಸರಿನಲ್ಲಿತ್ತು. ಕೆಳಗೆ ಅವನ ಸಂಸಾರ, ಮೇಲೆ ತಮ್ಮ, ಅವನ ಹೆಂಡತಿ, ಒಂದು ಮಗು. ತಾಯಿ ಎರಡೂ ಕಡೆ ಹತ್ತಿ ಇಳಿಯುತ್ತಿದ್ದಳು. ಅಣ್ಣ ಕಲಿಸುತ್ತಿರುವುದು ತಿಳಿದೂ ತಮ್ಮ ಎಂದಿನ ಹಾಗೆ ಸಾಲಿಗೆ ಹೋಗಿ ಬಂದ. ಯಾರೋ ಒಬ್ಬರು ಉಳೀತಾರೆ ಅಂದಮೇಲೆ ಅದು ಅಣ್ಣನೇ ಆಗಲಿ ಅಂದನಂತೆ ಹೆಂಡತಿಯ ಹತ್ತಿರ. ಅವಳು ಅದಕ್ಕೆ, ನಿಮಗೆ ಸೊಟ್ಟ ಇರೋದು ಬರೀ ಕೈಯಲ್ಲ ಅಂದಳಂತೆ.

ಬೇಸಿನ್ನು ಸರಾಗವಾಗಿ ಆಯಿತು. ಕಮೋಡಿನಲ್ಲಿ ಪಿಚಕಾರಿ ಸಿಕ್ಕಿಬಿದ್ದ. ತೋಳಿಗೆ ತೇಪೆ ಹಾಕೋದು ಬರುವುದಿಲ್ಲ. ಅದು ಬಗ್ಗಿ ನೋಡುವುದಿಲ್ಲ, ಅನುಮಾನ ಪಡುವುದಿಲ್ಲ. ಒಂದು ಸಲ ತೋರಿಸಿದ್ದನ್ನು ಹಾಗೇ ಮಾಡುತ್ತದೆ. ಪಿಚಕಾರಿ ತೋರಿಸಿದ ಬೀಸಿನಲ್ಲಿ ಹೊಡೆದ ಕಮೋಡುಗಳು ಭಟ್ಟಿಯಿಂದ ನನ್ನ ಕಣ್ಣ ಮುಂದೆಯೇ ಹೊರಬಂದವು. ಅಂಚಿನ ಒಳಗೆಲ್ಲ ಹುಳುಕು ಹಲ್ಲಿನ ಹಾಗೆ ತೂತು, ಬೋಳು. ಮತ್ತೆ ಕಲಿಸಿದ, ಮತ್ತೆ ಹಾಗೇ. ಹುಡುಗಿ ಪಾಪ ಮುಖ ಕೆಡಿಸಿಕೊಳ್ಳಲಿಲ್ಲ. ಕೆಡಿಸಿಕೊಂಡದ್ದು ಸೂಪರ್‌ವೈಸರ್. ನಿನ್ನ ಕೈಯಲ್ಲಿ ಆಗಲ್ಲ ಅಂದರೆ ಹೇಳು, ಸೋಮವಾರದಿಂದ ನಿನ್ನ ತಮ್ಮನನ್ನು ಕರೀತೀನಿ, ಆ ಜಾಗವೂ ಅವನಿಗೇ ಅಂದುಬಿಟ್ಟರು.

ಆ ಭಾನುವಾರ ಮಧ್ಯಾಹ್ನ ಪಿಚಕಾರಿ ಮಹಡಿ ಹತ್ತಿದ. ತಮ್ಮನ ಮನೆ ದಾಟಿ ತಾರಸಿಗೆ ಹೋಗಿ, ಅಲ್ಲಿಂದ ಅವನನ್ನು ಕೂಗಿ ಕರೆದ. ತಾರಸಿಯ ಮೂಲೆಯಲ್ಲಿ ಒಂದು ರಿಜೆಕ್ಟ್ ಆದ ಕಮೋಡಿತ್ತು, ತಾಯಿ ಅದರಲ್ಲಿ ಹೂವಿನ ಗಿಡ ಹಾಕಿದ್ದಳು. ಪಿಚಕಾರಿ ಗಿಡವನ್ನು ಮಣ್ಣು ಸಮೇತ ಎತ್ತಿ ಪಕ್ಕಕ್ಕಿಟ್ಟ. ತಾನು ಕಲಿಸುವ ಕೆಲಸ ಬಿಟ್ಟೆ ಅಂತ ತಮ್ಮನಿಗೆ ಹೇಳಿದ. ನಾಳೆಯಿಂದ ಮತ್ತೆ ಸಾಲಿಗೇ ಕಳಿಸ್ತಿದ್ದಾರೆ, ಮಣಿಕಟ್ಟು ಬಿಗಿದುಕೊಂಡಿದೆ, ನನ್ನ ಕಮೋಡೆಲ್ಲ ರಿಜೆಕ್ಟ್ ಆಗ್ತಿದೆ, ಮೊದಲು ಮನೆಗೆ ಹೋಗೋನು ನಾನೇ ಅಂದ. ಹೇಳುತ್ತಾ ಕಣ್ಣು ಒದ್ದೆ ಮಾಡಿಕೊಂಡ. ಅದು ನಾಟಕ ಅಂತ ನನಗೆ ಅನ್ನಿಸುವುದಿಲ್ಲ. ಕೆಲಸ ಹೋಗುತ್ತದೆ ಅನ್ನುವ ಭಯ ನಿಜವಾದದ್ದೇ. ಅದನ್ನು ಹೊದಿಸಿ ತಂದ ಮಾತು ಮಾತ್ರ ಸುಳ್ಳು.

ತಮ್ಮ ಒಳಗೆ ಹೋಗಿ ನೀರಿನ ಪೈಪಿನ ತುಂಡೊಂದನ್ನು ತಂದ. ಅಣ್ಣನ ಹಿಂದೆ ನಿಂತು, ಅವನ ಮಣಿಕಟ್ಟು ಹಿಡಿದು, ಖಾಲಿ ಕಮೋಡಿನ ಮೇಲೆ ಬಗ್ಗಿಸಿ, ಆ ತಿರುವನ್ನು ತೋರಿಸಿದ. ಇಲ್ಲಿ ಉಸಿರು ಬಿಡಬೇಡ ಅಣ್ಣ, ಇಲ್ಲಿ ಮೊಣಕೈ ಎತ್ತು, ಇಲ್ಲಿ ಕೈ ನನ್ನ ಹಾಗೆ ಸೊಟ್ಟ ಮಾಡ್ಕೋ ಅಂತ ಹೇಳಿಕೊಟ್ಟ. ಸಂಜೆಯವರೆಗೆ ಇಬ್ಬರೂ ಅದನ್ನೇ ಮಾಡಿದರು. ತಾಯಿ ಬಟ್ಟೆ ತೆಗೆಯಲು ಬಂದವಳು, ಬೆಳೆದು ನಿಂತ ಇಬ್ಬರು ಗಂಡಸರು ಕಮೋಡಿಗೆ ನಮಸ್ಕಾರ ಮಾಡೋ ಹಾಗೆ ಬಗ್ಗಿರುವುದನ್ನು ನೋಡಿ ನಕ್ಕಳು. ಅವರೂ ನಕ್ಕರು. ಎಷ್ಟೋ ವರ್ಷದ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು ನೋಡಿದೆ ಅಂತ ಅವಳು ಮಾರನೆಯ ದಿನ ನನ್ನ ಹೆಂಡತಿಗೆ ಹೇಳಿಕೊಂಡು ಹೋದಳು.

ಅವಳು ಅದನ್ನು ಹೇಳುತ್ತಿದ್ದ ಹೊತ್ತಿಗೆ ಪಿಚಕಾರಿ ಗಾಜಿನ ಕೋಣೆಯಲ್ಲಿ ತೋಳಿನ ಹಿಡಿ ಹಿಡಿದು, ಉಸಿರು ಬಿಗಿಹಿಡಿದು, ತನ್ನ ನೆಟ್ಟಗಿನ ಮಣಿಕಟ್ಟನ್ನು ಸೊಟ್ಟ ಮಾಡುತ್ತಿದ್ದ. ಆ ವಾರ ತಮ್ಮನದು ರಾತ್ರಿ ಪಾಳಿ.

ವಾರ ಮುಗಿಯುವುದರೊಳಗೆ ಮಾಲೀಕರ ಮುಂದೆ ಪ್ರದರ್ಶನ ಇಟ್ಟರು. ಸಿಂಪಡಿಸುವವರೆಲ್ಲ ಗಾಜಿನ ಹೊರಗೆ ನಿಂತಿದ್ದರು, ನಾನೂ ಭಟ್ಟಿಯ ಕಡೆಯಿಂದ ಬಂದಿದ್ದೆ. ತೋಳು ಬಾಗಿತು, ಮೈಗೆಲ್ಲ ಹೊಡೆಯಿತು, ಅಂಚಿನ ಹತ್ತಿರ ಬಂತು. ಅಲ್ಲಿ ಒಂದು ಗಳಿಗೆ ನಿಂತು, ತನ್ನ ಕೀಲನ್ನು ಹೊರಗೆ ತಿರುಗಿಸಿ, ಕೈ ಕೊಡವಿದ ಹಾಗೆ ಒಳಗೆ ಹೋಗಿ ಬಂತು. ಯಂತ್ರಕ್ಕೆ ಮೂಳೆ ಇಲ್ಲ, ಮುರಿದಿರಲಿಲ್ಲ, ಸೊಟ್ಟ ಕೂಡಿಕೊಂಡಿರಲಿಲ್ಲ. ಆದರೂ ಅದೇ ಸೊಟ್ಟ. ನಮ್ಮಲ್ಲೊಬ್ಬ, "ನೋಡ್ರೋ, ಇವನ ತಮ್ಮನ ಕೈ" ಅಂದ. ಮಿಕ್ಕವರು ನಕ್ಕರು. ಕೆಲಸ ಹೋಗುವವರು ಕೂಡ ನಕ್ಕರು, ನಗು ಬಂದದ್ದನ್ನು ತಡೆಯಲಾಗಲಿಲ್ಲ.

ತಮ್ಮ ನಗಲಿಲ್ಲ. ತೋಳು ಇನ್ನೊಂದು ಕಮೋಡು ಮುಗಿಸುವವರೆಗೆ ನೋಡಿದ. ಆಮೇಲೆ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು, ಪೆಟ್ಟು ಬಿದ್ದವನ ಹಾಗೆ, ಹೊರಟುಹೋದ. ಒಳಗೆ ಮಾಲೀಕರು ಪಿಚಕಾರಿಯ ಕೈ ಕುಲುಕುತ್ತಿದ್ದರು.

ಕೆಲವು ದಿನಗಳಲ್ಲಿ ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು ಲೆಕ್ಕ ಮುಗಿಸಿ ಕಳಿಸಿಬಿಟ್ಟರು. ತಮ್ಮನ ಸರದಿ ಬಂದ ದಿನ ಅವನು ಸೀದಾ ಮನೆಗೆ ಹೋಗಲಿಲ್ಲ. ಊಟದ ಹೊತ್ತಿನಲ್ಲಿ ಗಾಜಿನ ಕೋಣೆಗೆ ಹೋಗಿ, ಒಂದು ಸಲ ಇದನ್ನು ಹಿಡಿಯಲಾ ಮೇಡಂ ಅಂತ ಆ ಹುಡುಗಿಯನ್ನು ಕೇಳಿದ. ಪಿಚಕಾರಿ ಊಟಕ್ಕೆ ಹೋಗಿದ್ದ. ಹುಡುಗಿ ಬಿಟ್ಟಳು. ಅವನು ಒಂದು ಕಮೋಡು ಪೂರ್ತಿ ಹೊಡೆದು, ಹಿಡಿ ಬಿಟ್ಟು, ಥ್ಯಾಂಕ್ಸ್ ಹೇಳಿ ಹೊರಟ. ಅವಳಿಗೆ ಆಗ ಎಲ್ಲ ಅರ್ಥವಾಯಿತು. ಮ್ಯಾನೇಜರಿಗೆ ಏನೂ ಹೇಳಲಿಲ್ಲ. ಹೇಳಿದರೆ ಅವಳಿಗೇನು ಬರುತ್ತಿತ್ತು? ಅವನ ಫೋನ್ ನಂಬರು ಮಾತ್ರ ಕೇಳಿ ಇಟ್ಟುಕೊಂಡಳು.

ಅಲ್ಲಿಂದ ಆ ಮನೆಯಲ್ಲಿ ಮಾತು ನಿಂತಿತು. ಅಣ್ಣ ತಮ್ಮ ಇಬ್ಬರಿಗೂ ಮೆಟ್ಟಿಲು ಒಂದೇ, ನಲ್ಲಿ ಒಂದೇ. ಒಬ್ಬ ಮೆಟ್ಟಿಲಲ್ಲಿದ್ದರೆ ಇನ್ನೊಬ್ಬ ಬಾಗಿಲ ಒಳಗೆ ಕಾಯುತ್ತಿದ್ದ. ತಮ್ಮನ ಹೆಂಡತಿ ನೆಲ ಒರೆಸಿದ ನೀರನ್ನು ಮೆಟ್ಟಿಲ ಮೇಲೆ ಚೆಲ್ಲುತ್ತಿದ್ದಳು, ಅದು ಸೀದಾ ಪಿಚಕಾರಿಯ ಹೊಸ್ತಿಲಿಗೆ ಬರುತ್ತಿತ್ತು. ಪಿಚಕಾರಿಯ ಹೆಂಡತಿಯೂ ಕಮ್ಮಿಯವಳಲ್ಲ. ಇಷ್ಟು ವರ್ಷ ಇಲ್ಲದ್ದು, ಮೇಲಿನ ಮನೆಗೆ ಬಾಡಿಗೆ ಕೇಳಿದಳು. ಕೆಲಸ ಹೋಗಿ ಕೂತವರ ಹತ್ತಿರ ಕೇಳಿದಳು, ಅದೂ ನಲ್ಲಿಯ ಹತ್ತಿರ ಬೀದಿಯವರೆಲ್ಲ ಇದ್ದಾಗ. ಪಿಚಕಾರಿ ಒಳಗೆ ಕೂತು ಕೇಳಿಸಿಕೊಂಡ, ಹೊರಗೆ ಬರಲಿಲ್ಲ.

ತಮ್ಮ ಕೆಲಸ ಹುಡುಕಿಕೊಂಡು ಹೋದ ಕಡೆಯೆಲ್ಲ ತೋಳು ಬಂದಿತ್ತು, ಇಲ್ಲವೇ ಬರಲಿತ್ತು. ಇಟ್ಟಿಗೆ ಹೊರುವ ಕೆಲಸಕ್ಕೆ ಹೋದರೆ ಕೆಮ್ಮು ಬಿಡುತ್ತಿರಲಿಲ್ಲ. ಮೇಸ್ತ್ರಿ ಅವನನ್ನು ಗೂರಲು ಅಂತ ಕರೆದು ಎಲ್ಲರನ್ನೂ ನಗಿಸುತ್ತಿದ್ದ. ಹೀಗೇ ಒಂದು ವರ್ಷ ಕಳೆದ ಮೇಲೆ ಆ ಇಂಜಿನಿಯರ್ ಹುಡುಗಿಯ ಫೋನು ಬಂತು. ಅವಳ ಕಂಪನಿ ಬೇರೆ ಬೇರೆ ಊರಿನ ಕಾರ್ಖಾನೆಗಳಿಗೆ ತೋಳು ಮಾರುತ್ತಿತ್ತು. ಎಲ್ಲ ಕಡೆಯೂ ಸಿಂಪಡಿಸುವವರು ಕಲಿಸೋಕೆ ಒಪ್ಪುತ್ತಿರಲಿಲ್ಲ. ಕಂಪನಿಯವನೇ ಒಬ್ಬ ಕಲಿಸುವವನಿದ್ದರೆ ಯಾರ ಹಂಗೂ ಇಲ್ಲ.

ತಮ್ಮ ಹೋದ. ಯಾವ ಬಾಯಿಂದ ಒಪ್ಪಿದ ಅಂತ ನಮ್ಮ ಬೀದಿಯಲ್ಲಿ ಕೆಲವರು ಕೇಳಿದರು. ಹೊಟ್ಟೆಗೆ ಇರೋದು ಅದೊಂದೇ ಬಾಯಿ ಅಂತ ಅವನ ತಾಯಿ ಉತ್ತರ ಕೊಟ್ಟಳು. ಊರೂರು ತಿರುಗಿದ. ಹೊಸ ಕಾರ್ಖಾನೆಗೆ ಹೋಗುವುದು, ಗಾಜಿನ ಕೋಣೆಯಲ್ಲಿ ತೋಳಿನ ಹಿಡಿ ಹಿಡಿದು ಕಲಿಸುವುದು, ಹೊರಗೆ ನಿಂತವರ ಮುಖ ನೋಡದೆ ಬಸ್ಸು ಹತ್ತುವುದು. ಒಂದು ಕಡೆ ಅವನ ಟೀಯೊಳಗೆ ಉಗುಳಿ ಕೊಟ್ಟರಂತೆ. ಇನ್ನೊಂದು ಕಡೆ ಬಸ್ ಸ್ಟ್ಯಾಂಡಿನ ಹಿಂದೆ ಹಿಡಿದುಕೊಂಡರು. ಅವರಿಗೆ ಅವನ ತಲೆ ಬೇಕಿರಲಿಲ್ಲ. ಬಲಗೈಯನ್ನು ಮೋರಿಯ ಕಟ್ಟೆಯ ಮೇಲಿಟ್ಟು ಕಲ್ಲಿನಿಂದ ಜಜ್ಜಿದರು. ಮೂಳೆ ಹಳೆಯ ಜಾಗದಲ್ಲೇ ಮುರಿಯಿತು.

ಪಟ್ಟಿ ಕಟ್ಟಿದ ಕೈ ಹೊತ್ತು ಮನೆಗೆ ಬಂದಾಗ ತಾಯಿ ಮೆಟ್ಟಿಲ ಮೇಲೇ ಕುಸಿದಳು. ಅವನು, "ಬಿಡಮ್ಮ, ಆ ಕೈ ಆಗಲೇ ಕಂಪ್ಯೂಟರಲ್ಲಿದೆ. ಇದು ಬರೀ ಊಟಕ್ಕೆ" ಅಂದ. ಅವಳು ಆ ಪಟ್ಟಿಯ ಮೇಲೆ ತನ್ನ ಸೆರಗು ಹೊದಿಸಿದಳು. ಕೆಳಗಿನ ಕಿಟಕಿಯ ಪರದೆ ಸರಿದದ್ದನ್ನು ನಮ್ಮ ಮನೆಯಿಂದ ನಾನು ಕಂಡೆ. ಯಾರೂ ಹೊರಗೆ ಬರಲಿಲ್ಲ.

ಹುಡುಗಿ ಅವನನ್ನು ಕೈಬಿಡಲಿಲ್ಲ. ಗನ್ನು ಹಿಡಿಯಲಾಗದಿದ್ದರೂ ನೋಡಿ ಸರಿತಪ್ಪು ಹೇಳಬಹುದಲ್ಲ ಅಂತ ಇಟ್ಟುಕೊಂಡಳು. ಆ ಹೊತ್ತಿಗೆ ಅವಳ ಕಂಪನಿ ಹೊಸದೊಂದನ್ನು ತಯಾರು ಮಾಡಿತ್ತು. ಕಮೋಡಿನ ನಕ್ಷೆಯನ್ನು ಕಂಪ್ಯೂಟರಿಗೆ ಕೊಟ್ಟರೆ ಸಾಕು, ಗನ್ನು ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಅದೇ ಲೆಕ್ಕ ಹಾಕುತ್ತದೆ. ಯಾರೂ ಹಿಡಿ ಹಿಡಿಯಬೇಕಾಗಿಲ್ಲ, ಯಾರ ಕೈಯನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಅದನ್ನು ಮೊದಲು ಹಾಕಿದ ಕಾರ್ಖಾನೆಗಳಲ್ಲಿ ನಮ್ಮದೂ ಒಂದು. ಹೀಗೆ ತಮ್ಮ, ಕತ್ತಿಗೆ ಕಂಪನಿಯ ಗುರುತಿನ ಪಟ್ಟಿ ಹಾಕಿಕೊಂಡು, ಹುಡುಗಿಯ ಜೊತೆ ಮತ್ತೆ ಅದೇ ಗಾಜಿನ ಕೋಣೆಗೆ ಬಂದ.

ಪಿಚಕಾರಿ ತೋಳಿನ ಪಕ್ಕ ನಿಂತಿದ್ದ. ಇಷ್ಟು ದಿನ ಅವನ ಕೆಲಸ ಅಂದರೆ ಗ್ಲೇಜಿನ ಡ್ರಮ್ಮು ತುಂಬುವುದು, ಗನ್ನಿನ ಮೂತಿ ತೊಳೆಯುವುದು, ಕೆಂಪು ದೀಪ ಬಂದರೆ ಗುಂಡಿ ಒತ್ತುವುದು. ಹೊಸ ಲೆಕ್ಕದ ಪ್ರಕಾರ ತೋಳು ಹೊಡೆದ ಕಮೋಡುಗಳನ್ನು ಅವತ್ತು ನಾನೇ ಸುಟ್ಟೆ. ಸುಳ್ಳು ಹೇಳಬಾರದು, ಅಷ್ಟು ಚೆನ್ನಾಗಿ ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ತೋಳು ಅಂಚಿನ ಹತ್ತಿರ ನಿಲ್ಲಲಿಲ್ಲ, ಸೊಟ್ಟ ಆಗಲಿಲ್ಲ. ಬೇರೆಯೇ ಒಂದು ದಾರಿಯಲ್ಲಿ, ಕೆಳಗಿನಿಂದ ಮೇಲಕ್ಕೆ ಹೋಯಿತು. ಯಾವ ಮನುಷ್ಯನ ಕೈಯೂ ಹಾಗೆ ತಿರುಗಲಾರದು. ಗ್ಲೇಜೂ ಕಡಿಮೆ ಹಿಡಿಯಿತು.

ಹುಡುಗಿ ಪಿಚಕಾರಿಯ ಕಡೆ ತಿರುಗಿ, ಮೇಷ್ಟ್ರೇ, ಹಳೇ ಬೀಸನ್ನ ಅಳಿಸಲಾ, ಕಂಪ್ಯೂಟರಲ್ಲಿ ಜಾಗ ಬೇಕು ಅಂತ ಕೇಳಿದಳು. ಅವಳದು ಕೆಟ್ಟ ಮನಸ್ಸಲ್ಲ, ಮರ್ಯಾದೆಗೆ ಕೇಳಿದ್ದು. ಪಿಚಕಾರಿ ತಮ್ಮನ ಮುಖ ನೋಡಿದ. ತಮ್ಮ ಪರದೆ ನೋಡುತ್ತಿದ್ದ. ಅವಳು ಗುಂಡಿ ಒತ್ತಿದಳು.

ಆಮೇಲೆ ಮ್ಯಾನೇಜರು ಬಂದರು. ಎಲ್ಲ ನೋಡಿ ಮೆಚ್ಚಿ, ಇನ್ನು ಇಲ್ಲಿ ನಿಲ್ಲೋಕೆ ಒಬ್ಬ ಆಳು ಬೇಕಾ ಅಂತ ಕೇಳಿದರು. ಹುಡುಗಿ ತಮ್ಮನ ಕಡೆ ನೋಡಿದಳು, ಅದನ್ನು ಹೇಳಬೇಕಾದವನು ಅವನೇ. ಪಿಚಕಾರಿ ಎರಡು ಹೆಜ್ಜೆ ದೂರದಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದ.

"ಬೇಕಾಗಿಲ್ಲ ಸಾರ್" ಅಂದ ತಮ್ಮ. "ಡ್ರಮ್ಮಿಗೆ ಪೈಪು ಕೊಟ್ಟರೆ ಅದೇ ತುಂಬಿಕೊಳ್ಳುತ್ತೆ. ಇಲ್ಲಿ ನಿಂತೋರು ಸುಮ್ಮನೆ ನಿಂತಿರ್ತಾರೆ, ಅಷ್ಟೇ."

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಹೆಚ್ಚು ಚುಚ್ಚಿದ್ದು ಅಂತ ಪಿಚಕಾರಿ ಆಮೇಲೆ ನನ್ನ ಹತ್ತಿರ ಹೇಳಿಕೊಂಡ. ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಅವನನ್ನು ಪೂರ್ತಿ ತೆಗೆಯಲಿಲ್ಲ. ಹಳಬ ಅಂತ ಹಿಂದಿನ ಅಂಗಳಕ್ಕೆ ಹಾಕಿದರು. ಅಲ್ಲಿ ರಿಜೆಕ್ಟ್ ಆದ ಕಮೋಡು, ಬೇಸಿನ್ನುಗಳನ್ನು ಸುತ್ತಿಗೆಯಿಂದ ಒಡೆದು ಚೂರು ಮಾಡಬೇಕು, ಚೂರನ್ನು ಅರೆದು ಮತ್ತೆ ಮಣ್ಣಿಗೆ ಸೇರಿಸುತ್ತಾರೆ. ಬಿಸಿಲು, ಬಿಳಿ ಧೂಳು. ಸುತ್ತಿಗೆ ಎತ್ತಿ ಎತ್ತಿ ಅವನ ಕೈಗೆ ನಡುಕ ಬಂತು. ಹೊಸಬರು ಅವನನ್ನು ಧಡಂ ಅಂತ ಕರೆಯತೊಡಗಿದರು. ಹಳೆಯ ಹೆಸರು ಅವರಿಗೆ ಗೊತ್ತೂ ಇರಲಿಲ್ಲ. ಹೊಸ ಲೆಕ್ಕದಲ್ಲಿ ರಿಜೆಕ್ಟೂ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿತ್ತು. ಒಡೆಯಲು ಏನೂ ಇಲ್ಲದ ದಿನ ಸುತ್ತಿಗೆ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದ. ಯಾರಾದರೂ ದೊಡ್ಡವರು ಆ ಕಡೆ ಬಂದರೆ ಎದ್ದು, ಒಡೆದ ಚೂರನ್ನೇ ಮತ್ತೆ ಒಡೆಯುತ್ತಿದ್ದ.

ಅಷ್ಟರಲ್ಲಿ ತಮ್ಮನಿಗೂ ಫೋನು ಬಂತು. ಲೆಕ್ಕ ಸರಿಯಾಗಿ ಕೂತಿದೆ, ನೋಡಿ ಹೇಳುವವರ ಅಗತ್ಯ ಇನ್ನಿಲ್ಲ ಅಂತ. ಈ ಸಲ ಮಾತಾಡಿದ್ದು ಆ ಹುಡುಗಿಯಲ್ಲ. ಅವಳು ಬೇರೆ ಕಂಪನಿಗೆ ಹೋಗಿದ್ದಳು.

ಸುದ್ದಿ ತಾಯಿಯಿಂದ ಕೆಳಗಿನ ಮನೆಗೆ ಬಂತು. ಅದನ್ನು ಕೇಳಿ ಪಿಚಕಾರಿಗೆ ಒಳಗೊಳಗೇ ಸಮಾಧಾನವಾಯಿತು ಅಂತ ಕಾಣುತ್ತದೆ. ಈಗ ಇಬ್ಬರೂ ಒಂದೇ ದೋಣಿಯಲ್ಲಿದ್ದೇವೆ, ಈಗ ಹೋದರೆ ಮಾತಾಡಬಹುದು ಅಂದುಕೊಂಡಿರಬೇಕು. ಸಂಜೆ ಕೈಕಾಲು ತೊಳೆದುಕೊಂಡು, ಒಗೆದ ಅಂಗಿ ಹಾಕಿಕೊಂಡು, ಮೇಲೆ ಹತ್ತಿದ. ತಮ್ಮ ಎಡಗೈಯಲ್ಲಿ ಮಗುವಿನ ತಲೆ ಬಾಚುತ್ತಿದ್ದ. ಪಿಚಕಾರಿ ಬಾಗಿಲಲ್ಲೇ ನಿಂತು, ತಪ್ಪಾಯಿತು, ಅವತ್ತು ತಾರಸಿಯ ಮೇಲೆ ನಾನು ಹೇಳಿದ್ದು ಸುಳ್ಳು, ಕ್ಷಮಿಸಿಬಿಡು ಅಂದ. ಜೀವಮಾನದಲ್ಲಿ ಮೊದಲ ಸಲ ಅವನು ಆ ಮಾತು ಆಡಿದ್ದು ಅಂತ ತಾಯಿ ಹೇಳುತ್ತಿದ್ದಳು. ಅವಳು ಅಲ್ಲೇ ಮೂಲೆಯಲ್ಲಿ ಕೂತಿದ್ದಳು.

ತಮ್ಮ ಬಾಚಣಿಗೆ ಕೆಳಗಿಟ್ಟ.

"ನಿಜ ಹೇಳಿ ಕೇಳಿದ್ದಿದ್ರೂ ತೋರಿಸ್ತಿದ್ದೆ ಅಣ್ಣ. ಸಾಕಿದವನು ನೀನು, ಇಲ್ಲ ಅಂತಿರಲಿಲ್ಲ. ನೀನು ಕೇಳಲಿಲ್ಲ, ಕದ್ದೆ. ಈಗ ಕ್ಷಮೆ ಕೇಳ್ತೀಯ. ಅದನ್ನೂ ಕೊಟ್ಟುಬಿಟ್ಟರೆ ನನ್ನ ಹತ್ತಿರ ಏನು ಉಳಿಯುತ್ತೆ?"

ಪಿಚಕಾರಿ ಬಾಗಿಲ ಚೌಕಟ್ಟು ಹಿಡಿದ. ನಾನು ನಿನ್ನ ಅಣ್ಣ ಕಣೋ ಅಂದ. ತಮ್ಮನ ಹೆಂಡತಿ ಒಳಗಿನಿಂದ ಬಂದು, ಮಗುವನ್ನು ಎತ್ತಿಕೊಂಡು, ಬಾವನವರು ಇಳಿಯುವಾಗ ಹುಷಾರು, ಮೆಟ್ಟಿಲು ಒದ್ದೆ ಇದೆ ಅಂತ ಹೇಳಿ ಬಾಗಿಲು ಮುಂದೆ ಮಾಡಿದಳು.

ಅವಳ ಅಣ್ಣನಿಗೆ ಬೇರೆ ಊರಿನಲ್ಲಿ ಒಂದು ಗ್ಯಾರೇಜಿತ್ತು. ರಾತ್ರಿ ಗ್ಯಾರೇಜು ಕಾಯುವ ಕೆಲಸ, ಹಿಂದುಗಡೆ ಇರಲು ಒಂದು ಕೋಣೆ. ಹಂಗಿನ ಅನ್ನ ಅಂತ ತಮ್ಮನಿಗೆ ಗೊತ್ತಿತ್ತು, ಆದರೂ ಒಪ್ಪಿದ. ತಾಯಿ ತಾನೂ ಹೊರಟಳು. ಪಿಚಕಾರಿ, ಈ ವಯಸ್ಸಿನಲ್ಲಿ ಆ ಒಂದು ಕೋಣೆಯಲ್ಲಿ ಹೇಗಿರ್ತೀಯಮ್ಮ, ನಾನಿಲ್ವಾ ಅಂತ ಕೇಳಿದ.

"ಅವನಿಗೆ ಒಂದೇ ಕೈ. ಅಲ್ಲಿ ನೀರು ಎತ್ತೋಕಾದರೂ ನಾನು ಬೇಕು" ಅಂದಳು ತಾಯಿ. "ಇಲ್ಲಿ ನನಗೇನು ಕೆಲಸ? ನಿನ್ನ ಮುಖ ನೋಡ್ತಾ ಕೂರೋದಾ?"

ಸಾಮಾನು ಸಾಗಿಸುವ ದಿನ ವ್ಯಾನು ಬಂತು. ವ್ಯಾನಿನವನು ಒಬ್ಬನೇ ಬಂದಿದ್ದ. ಪಾತ್ರೆ, ಹಾಸಿಗೆ, ಮಗುವಿನ ತೊಟ್ಟಿಲು ಎಲ್ಲ ಇಳಿದವು, ಕಬ್ಬಿಣದ ಬೀರು ಉಳಿಯಿತು. ನಾನು ಬೆನ್ನು ಹಿಡಿದುಕೊಂಡು ಮಲಗಿದ್ದ ದಿನ ಅದು, ಕಿಟಕಿಯಿಂದ ನೋಡುತ್ತಿದ್ದೆನೇ ಹೊರತು ಏಳುವ ಹಾಗಿರಲಿಲ್ಲ. ಮೆಟ್ಟಿಲು ಕಿರಿದು, ಬಲಗೈ ಬಾರದವನ ಜೊತೆ ಡ್ರೈವರ್ ಒಬ್ಬನೇ ಅದನ್ನು ಇಳಿಸಲಾರ. ಪಿಚಕಾರಿ ಕೆಳಗಿನ ಬಾಗಿಲಿನಿಂದ ಹೊರಬಂದು, ಯಾರನ್ನೂ ಕೇಳದೆ ಮೇಲೆ ಹೋಗಿ, ಬೀರುವಿನ ಕೆಳತುದಿಗೆ ಭುಜ ಕೊಟ್ಟ. ಮೇಲಿನ ತುದಿಯನ್ನು ಡ್ರೈವರ್ ಹಿಡಿದ. ತಮ್ಮ ಎಡಗೈಯಿಂದ ಪಕ್ಕಕ್ಕೆ ಆನಿಸಿ ಹಿಡಿದ.

ಭಾರವೆಲ್ಲ ಕೆಳಗಿದ್ದವನ ಮೇಲೆ. ತಿರುವಿನಲ್ಲಿ ಬೀರು ಗೋಡೆಗೆ ಸಿಕ್ಕಿಕೊಂಡಿತು. ಎಡಕ್ಕೆ ಅಂದ ತಮ್ಮ. ಪಿಚಕಾರಿ ಎಡಕ್ಕೆ ವಾಲಿಸಿದ. ಇಳಿಸು ಅಂದ. ಇಳಿಸಿದ. ತಡಿ ಅಂದ. ಪಿಚಕಾರಿಯ ಮುಖ ಕೆಂಪಾಗಿತ್ತು, ಆದರೂ ತಡೆದ. ವರ್ಷಗಳ ಮೇಲೆ ಅಣ್ಣ ತಮ್ಮ ಸೇರಿ ಮಾಡಿದ ಕೆಲಸ ಅದು. ಬೀರು ವ್ಯಾನಿನೊಳಗೆ ಹೋದ ಮೇಲೆ ಪಿಚಕಾರಿ ಗೋಡೆಗೆ ಒರಗಿ ಏದುಸಿರು ಬಿಡುತ್ತಿದ್ದ. ಡ್ರೈವರ್ ಹಗ್ಗ ಕಟ್ಟುತ್ತಾ, ಪಾಪ ಒಳ್ಳೆ ಸಹಾಯ ಮಾಡಿದರು, ಯಾರು ಇವರು ಅಂತ ತಮ್ಮನನ್ನು ಕೇಳಿದ.

"ಮನೆ ಓನರು" ಅಂದ ತಮ್ಮ.

ಪಿಚಕಾರಿ ಕೇಳಿಸಿಕೊಂಡ. ನಾನೂ ಕೇಳಿಸಿಕೊಂಡೆ, ಅಷ್ಟು ಹತ್ತಿರದ ಬೀದಿ ನಮ್ಮದು. ತಾಯಿ ಮುಂದಿನ ಸೀಟಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎದುರಿಗೆ ನೋಡುತ್ತಿದ್ದಳು. ಡ್ರೈವರ್ ಪಿಚಕಾರಿಗೆ ಒಂದು ನಮಸ್ಕಾರ ಹಾಕಿದ, ಪಿಚಕಾರಿ ತಿರುಗಿ ಕೈ ಮುಗಿದ. ವ್ಯಾನು ಹಿಂದಕ್ಕೆ ಹೋಗಿ, ತಿರುಗಿ, ಬೀದಿಯ ತುದಿಯಲ್ಲಿ ಮರೆಯಾಯಿತು.

ಅವನು ಒಳಗೆ ಹೋಗದೆ ಮೆಟ್ಟಿಲ ಮೇಲೇ ಕೂತ. ಅವನ ಹೆಂಡತಿ ಆಗಲೇ ಪೊರಕೆ ಹಿಡಿದು ಮೇಲೆ ಹತ್ತಿದ್ದಳು. ಗುಡಿಸಿದ ಕಸ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿದು ಅವನ ಬೆನ್ನ ಹತ್ತಿರ ಬರುತ್ತಿತ್ತು. ತಿಂಗಳೊಪ್ಪತ್ತಿನಲ್ಲಿ ಬಾಡಿಗೆಗೆ ಯಾರಾದರೂ ಸಿಗ್ತಾರೆ, ಸ್ವಲ್ಪ ಪಕ್ಕಕ್ಕೆ ಸರೀರಿ ಅಂತ ಅವಳು ಮೇಲಿನಿಂದ ಹೇಳಿದಳು. ಅವನು ಸರಿದು ಕೂತ.